ಎಲೆಕ್ಟ್ರೋಕ್ರೋಮಿಕ್ ಕಿಟಕಿ ಗಾಜು: ಬಾಳಿಕೆಯ ಲೆಕ್ಕದಲ್ಲಿ ಯಾವುದನ್ನು ಕೊಳ್ಳಬಹುದು, ಯಾವುದು ಬೇಡ

ಎಲೆಕ್ಟ್ರೋಕ್ರೋಮಿಕ್ ಗಾಜಿನ, ಅಂದರೆ ವಿದ್ಯುತ್ ಕೊಟ್ಟಾಗ ಬಣ್ಣ ಬದಲಿಸುವ ಗಾಜಿನ ಡೇಟಾಶೀಟ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಎರಡು ಅಂಕಿ: ಎಷ್ಟು ಬೇಗ ಕಪ್ಪಾಗುತ್ತದೆ, ಎಷ್ಟು ಕಪ್ಪಾಗುತ್ತದೆ. ಇಪ್ಪತ್ತು ಮೂವತ್ತು ವರ್ಷ ಗೋಡೆಯಲ್ಲಿ ಕೂರಬೇಕಾದ ವಸ್ತುವಿಗೆ ಈ ಎರಡೂ ಅಂಕಿ ಹೆಚ್ಚು ಚೆನ್ನಾಗಿದ್ದಷ್ಟೂ ಅನುಮಾನ ಹೆಚ್ಚಬೇಕು. ಒಂದೂವರೆ ಚದರ ಮೀಟರಿನ ಗಾಜು ಮೂರು ನಿಮಿಷದಲ್ಲಿ ಕಪ್ಪಾಗುತ್ತದೆ ಎಂದರೆ ಅದರ ಅಂಚಿನ ಪದರಗಳು ಪ್ರತಿ ಸಲವೂ ಪೆಟ್ಟು ತಿನ್ನುತ್ತಿವೆ ಎಂದೇ ಅರ್ಥ. ಹತ್ತು ಹದಿನೈದು ನಿಮಿಷ ತೆಗೆದುಕೊಳ್ಳುವ ಗಾಜಿಗೆ ನಮ್ಮ ಓಟು. ಏಕೆ ಎಂಬುದಕ್ಕೆ ಸ್ವಲ್ಪ ಲೆಕ್ಕ ಹಾಕಬೇಕಾಗುತ್ತದೆ.

ಅದಕ್ಕೂ ಮೊದಲು ಒಂದು ಗೊಂದಲ ತೀರಿಸಿಬಿಡೋಣ. 'ಸ್ಮಾರ್ಟ್ ಫಿಲ್ಮ್' ಹೆಸರಿನಲ್ಲಿ ಸಿಗುವ, ಸ್ವಿಚ್ ಒತ್ತಿದೊಡನೆ ಹಾಲಿನಂತೆ ಮಸುಕಾಗುವ ಹಾಳೆ ಎಲೆಕ್ಟ್ರೋಕ್ರೋಮಿಕ್ ಅಲ್ಲ. ಅದು ಪಿಡಿಎಲ್‌ಸಿ, ಅಂದರೆ ಪಾಲಿಮರ್ ಒಳಗೆ ಚದುರಿದ ದ್ರವಸ್ಫಟಿಕದ ಹನಿಗಳು. ಪಾರದರ್ಶಕವಾಗಿ ಇರಲು ಅದಕ್ಕೆ ಸದಾ ಎಸಿ ವಿದ್ಯುತ್ ಬೇಕು. ಬೆಳಕನ್ನು ಅದು ಚದುರಿಸುತ್ತದೆಯೇ ಹೊರತು ಬಿಸಿಲಿನ ಶಾಖವನ್ನು ಹೆಚ್ಚೇನೂ ತಡೆಯುವುದಿಲ್ಲ. ಸಭಾಕೊಠಡಿಯ ಮರೆಗೆ ಸರಿ, ಬಿಸಿಲು ಬೀಳುವ ಕಿಟಕಿಗೆ ಬೇಡ. ಬೆಳ್ಳಗಿರುವುದೆಲ್ಲ ಹಾಲಲ್ಲ.

ನಿಜವಾದ ಎಲೆಕ್ಟ್ರೋಕ್ರೋಮಿಕ್ ಗಾಜು ಒಂದು ಬ್ಯಾಟರಿಯೇ. ಎರಡು ಪಾರದರ್ಶಕ ವಾಹಕ ಪದರಗಳ ನಡುವೆ ಒಂದು ಕಡೆ ಟಂಗ್‌ಸ್ಟನ್ ಆಕ್ಸೈಡ್, ಇನ್ನೊಂದು ಕಡೆ ಸಾಮಾನ್ಯವಾಗಿ ನಿಕ್ಕಲ್ ಆಕ್ಸೈಡ್, ಮಧ್ಯೆ ಅಯಾನುಗಳನ್ನು ಮಾತ್ರ ಬಿಡುವ ಎಲೆಕ್ಟ್ರೋಲೈಟ್. ಲಿಥಿಯಂ ಅಯಾನುಗಳು ನಿಕ್ಕಲ್ ಕಡೆಯಿಂದ ಟಂಗ್‌ಸ್ಟನ್ ಕಡೆಗೆ ಹೋದರೆ ಎರಡೂ ಪದರ ಬಣ್ಣಕ್ಕೆ ತಿರುಗುತ್ತವೆ: ಟಂಗ್‌ಸ್ಟನ್ ನೀಲಿ, ನಿಕ್ಕಲ್ ಕಂದು. ಎರಡೂ ಸೇರಿ ಕಾಣುವುದು ಬೂದು ಮಿಶ್ರಿತ ನೀಲಿ. ವೋಲ್ಟೇಜ್ ತಿರುಗಿಸಿದರೆ ತಿಳಿಯಾಗುತ್ತದೆ. 5 ವೋಲ್ಟಿಗಿಂತ ಕಡಿಮೆ ಡಿಸಿ ಸಾಕು. ಟಂಗ್‌ಸ್ಟನ್ ಆಕ್ಸೈಡ್ ಪದರ ಸುಮಾರು 300ರಿಂದ 400 ನ್ಯಾನೋಮೀಟರ್ ದಪ್ಪ. ಈ ಆಕ್ಸೈಡಿನ ಬಣ್ಣದಾಟವನ್ನು ಸತ್ಯೇನ್ ದೇಬ್ 1969ರಲ್ಲಿ ಪ್ರಕಟಿಸಿದರು. ಅಂದಿನಿಂದಲೂ ಬಣ್ಣ ಬರಿಸುವುದು ದೊಡ್ಡ ಸಮಸ್ಯೆಯಾಗಿರಲಿಲ್ಲ. ಬಣ್ಣ ಸಾವಿರಾರು ಸಲ ಬಂದು ಹೋಗುವಂತೆ ಮಾಡುವುದೇ ಕಷ್ಟವಾಗಿತ್ತು.

ಈಗ ಲೆಕ್ಕ. ಬೆಳಕಿನ ಪಾರಗಮನ, ಅಂದರೆ ಗಾಜು ದಾಟಿ ಬರುವ ಬೆಳಕಿನ ಪಾಲು, 60 ಶೇಕಡಾದಿಂದ 6 ಶೇಕಡಾಕ್ಕೆ ಇಳಿಯಬೇಕಾದರೆ ದೃಗ್ಸಾಂದ್ರತೆ (ಬೆಳಕು ಹತ್ತನೇ ಒಂದಕ್ಕೆ ಇಳಿದಾಗ 1 ಏರುವ ಅಳತೆ) 1ರಷ್ಟು ಏರಬೇಕು. ಎರಡೂ ಪದರ ಸೇರಿ ಬಣ್ಣದ ದಕ್ಷತೆ (ಸಾಗಿಸಿದ ವಿದ್ಯುದಂಶಕ್ಕೆ ಎಷ್ಟು ಕಪ್ಪಾಗುತ್ತದೆ ಎಂಬುದು) ಪ್ರತಿ ಕೂಲಂಬಿಗೆ 80 ಚದರ ಸೆಂ.ಮೀ. ಎಂದಿಟ್ಟುಕೊಂಡರೆ, ಚದರ ಸೆಂ.ಮೀ.ಗೆ 12.5 ಮಿಲಿಕೂಲಂಬ್ ಸಾಗಿಸಬೇಕು. 1 ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಗಾಜಿಗೆ ಇದು ಸುಮಾರು 188 ಕೂಲಂಬ್. ಹತ್ತು ನಿಮಿಷದಲ್ಲಿ ಸಾಗಿಸಿದರೆ ಸರಾಸರಿ 0.31 ಆಂಪಿಯರ್. ಉದ್ದದ ಎರಡು ಅಂಚುಗಳಲ್ಲಿ ಎದುರುಬದುರಾಗಿ ಬಸ್‌ಬಾರ್ (ವಿದ್ಯುತ್ ಹಂಚುವ ಲೋಹದ ಪಟ್ಟಿ) ಇದ್ದು, ವಾಹಕ ಪದರದ ಹಾಳೆ ರೋಧ (ಪದರದ ಒಂದು ಚೌಕದ ಎದುರು ಅಂಚುಗಳ ನಡುವಿನ ರೋಧ) ಚೌಕಕ್ಕೆ 10 ಓಮ್ ಇದ್ದರೆ, ಒಂದೊಂದು ಪದರದಲ್ಲೇ ಸುಮಾರು 1 ವೋಲ್ಟ್ ಇಳಿದುಹೋಗುತ್ತದೆ. ಇದೇ ಕೆಲಸವನ್ನು ಮೂರು ನಿಮಿಷದಲ್ಲಿ ಮಾಡಿಸಿ ನೋಡಿ: ಪ್ರವಾಹ 1 ಆಂಪಿಯರ್ ದಾಟುತ್ತದೆ, ಇಳಿತ 3 ವೋಲ್ಟ್ ಮೀರುತ್ತದೆ. ಮಧ್ಯಭಾಗಕ್ಕೆ ಬೇಕಾದಷ್ಟು ತಲುಪಲಿ ಎಂದು ಡ್ರೈವರ್ (ಗಾಜಿಗೆ ವಿದ್ಯುತ್ ಕೊಡುವ ನಿಯಂತ್ರಕ) ವೋಲ್ಟೇಜ್ ಏರಿಸಿದಾಗ ಬಸ್‌ಬಾರಿನ ಪಕ್ಕದ ಕೆಲವು ಸೆಂಟಿಮೀಟರ್ ಪದರ ಅದಷ್ಟನ್ನೂ ಪೂರ್ತಿಯಾಗಿ ಉಣ್ಣುತ್ತದೆ. ಗಾಜು ಮೊದಲು ಅಂಚಿನಲ್ಲಿ ಕಪ್ಪಾಗಿ ಆಮೇಲೆ ಮಧ್ಯಕ್ಕೆ ಹರಡುವುದು ಇದೇ ಕಾರಣಕ್ಕೆ. ಹಳೆಯದಾದಂತೆ ಮೊದಲು ಸೋಲುವುದೂ ಆ ಅಂಚೇ.

ವೋಲ್ಟೇಜ್ ಮಿತಿ ಮೀರಿದರೆ ಒಳಗೆ ನಡೆಯುವುದು ಒಂದೆರಡು ಬಗೆಯ ಹಾನಿಯಲ್ಲ. ಟಂಗ್‌ಸ್ಟನ್ ಆಕ್ಸೈಡಿಗೆ ಲಿಥಿಯಂ ಹೆಚ್ಚು ತುರುಕಿದಷ್ಟೂ ಕೆಲವು ಅಯಾನುಗಳು ಆಳವಾದ ಜಾಗಗಳಲ್ಲಿ ಸಿಕ್ಕಿಕೊಂಡು ಹೊರಬರುವುದೇ ಇಲ್ಲ. ಪ್ರತಿ ಸೈಕಲಿನಲ್ಲೂ, ಅಂದರೆ ಒಮ್ಮೆ ಕಪ್ಪಾಗಿ ತಿಳಿಯಾಗುವ ಪ್ರತಿ ಸುತ್ತಿನಲ್ಲೂ, ಇನ್ನಷ್ಟು ಸೇರುತ್ತವೆ. ಗಾಜು ತಿಳಿಯಾದ ಸ್ಥಿತಿಯಲ್ಲೂ ತುಸು ನೀಲಿಯಾಗಿಯೇ ಉಳಿಯುತ್ತದೆ, ಕಪ್ಪಾಗುವ ಸಾಮರ್ಥ್ಯವೂ ಕುಂದುತ್ತದೆ. ಲಿಥಿಯಂ ಲೋಹವನ್ನು ಸೊನ್ನೆ ಎಂದಿಟ್ಟು ಅಳೆದಾಗ 2ರಿಂದ 4 ವೋಲ್ಟಿನ ನಡುವೆ ಓಡಿಸಿದರೆ ಪದರ ತಾಳಿಕೊಳ್ಳುತ್ತದೆ, ಕೆಳಮಿತಿಯನ್ನು 1.5ಕ್ಕೆ ಇಳಿಸಿದರೆ ಬಣ್ಣ ಗಾಢವಾಗುತ್ತದೆ, ಆಯುಸ್ಸು ಬೇಗ ಕರಗುತ್ತದೆ. ಇದೇ ತುದಿಯಲ್ಲಿ ವಾಹಕ ಪದರವಾದ ಐಟಿಒಗೂ (ಇಂಡಿಯಂ ತವರದ ಆಕ್ಸೈಡ್) ಲಿಥಿಯಂ ನುಗ್ಗಿ, ಇಂಡಿಯಂ ಅಪಕರ್ಷಣೆಗೊಂಡು, ಮತ್ತೆ ಹೋಗದ ಕಂದು ಛಾಯೆ ಹತ್ತುತ್ತದೆ. ಅದರ ಬದಲು ವಾಹಕವಾಗಿ ಬಳಸುವ, ಫ್ಲೋರಿನ್ ಬೆರೆಸಿದ ತವರದ ಆಕ್ಸೈಡ್ ಮೇಲ್ಮೈಯಲ್ಲಿ ಒರಟಾದರೂ ರಾಸಾಯನಿಕವಾಗಿ ಗಟ್ಟಿಮುಟ್ಟು.

ಸಿಕ್ಕಿಕೊಂಡ ಅಯಾನುಗಳನ್ನು ಬಿಡಿಸಬಹುದು ಎಂದು ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ತಂಡ 2015ರಲ್ಲಿ ತೋರಿಸಿತು. ಸವೆದ ಪದರಕ್ಕೆ ಚದರ ಸೆಂ.ಮೀ.ಗೆ ಸುಮಾರು 10 ಮೈಕ್ರೋಆಂಪಿಯರಿನಂಥ ಸಣ್ಣ ಪ್ರವಾಹವನ್ನು ಗಂಟೆಗಟ್ಟಲೆ ಹಿಮ್ಮುಖವಾಗಿ ಹರಿಸಿ, ವಿಭವ (ಅದೇ ಲಿಥಿಯಂ ಅಳತೆಯಲ್ಲಿ) 5.5 ವೋಲ್ಟ್ ದಾಟುವವರೆಗೆ ಬಿಟ್ಟರೆ, ಪದರ ಹೆಚ್ಚುಕಡಿಮೆ ಹೊಸದರ ಹಾಗೆ ಕೆಲಸ ಮಾಡುತ್ತದೆ. ಸೊಗಸಾದ ಕೆಲಸ. ಆದರೆ ಇದನ್ನು ಓದಿ, ಗೋಡೆಯಲ್ಲಿರುವ ಗಾಜನ್ನೂ ಹಾಗೆಯೇ ರಿಪೇರಿ ಮಾಡಬಹುದು ಎಂದು ತಿಳಿಯಬೇಡಿ. ಅದು ಪ್ರಯೋಗಾಲಯದ ಮೂರು ಎಲೆಕ್ಟ್ರೋಡಿನ ಕೋಶದಲ್ಲಿ, ದ್ರವ ಎಲೆಕ್ಟ್ರೋಲೈಟಿನಲ್ಲಿ, ಒಂದೇ ಪದರದ ಮೇಲೆ ನಡೆದ ಪ್ರಯೋಗ. ಪೂರ್ತಿ ಜೋಡಿಸಿದ ಗಾಜಿನಲ್ಲಿ ಅಷ್ಟು ವಿಭವಕ್ಕೆ ನಿಕ್ಕಲ್ ಪದರವೂ ಪಾಲಿಮರ್ ಎಲೆಕ್ಟ್ರೋಲೈಟೂ ತಾಳುತ್ತವೆ ಎಂಬ ಖಾತರಿ ಇಲ್ಲ. ಗಾಜು ತನ್ನಷ್ಟಕ್ಕೆ ಚೇತರಿಸಿಕೊಳ್ಳುತ್ತದೆ ಎಂದು ಮಾರುವವರು ಹೇಳಿದರೆ, ಎಷ್ಟು ವೋಲ್ಟಿನಲ್ಲಿ, ಎಷ್ಟು ಹೊತ್ತು, ಎಷ್ಟು ಸಲ ಮಾಡಿದ ಮೇಲಿನ ದತ್ತಾಂಶವಿದೆ ಎಂದು ಕೇಳಿ.

ಪದರ ಮಾಡುವ ಹದ

ಟಂಗ್‌ಸ್ಟನ್ ಆಕ್ಸೈಡಿನಲ್ಲಿ ಆಯ್ಕೆ ಇರುವುದು ವೇಗಕ್ಕೂ ಗಟ್ಟಿತನಕ್ಕೂ ನಡುವೆ. ಅಸ್ಫಟಿಕ (ಪರಮಾಣುಗಳು ಕ್ರಮವಾಗಿ ಜೋಡಣೆಯಾಗಿಲ್ಲದ), ರಂಧ್ರಯುಕ್ತ ಪದರದಲ್ಲಿ ಅಯಾನು ಸಲೀಸಾಗಿ ಓಡಾಡುತ್ತದೆ. ಬಣ್ಣವೂ ಚೆನ್ನಾಗಿ ಬರುತ್ತದೆ. ಆದರೆ ರಂಧ್ರಗಳಲ್ಲಿ ತೇವ ನಿಂತರೆ ಆಕ್ಸೈಡ್ ನಿಧಾನವಾಗಿ ಕರಗುತ್ತದೆ. ಪೂರ್ತಿ ಸ್ಫಟಿಕವಾದ ಪದರ ಕರಗುವುದು ಕಡಿಮೆ, ಆದರೆ ಮಂದ. ಲಿಥಿಯಂ ತುಂಬಿದಂತೆ ಅದರ ಸ್ಫಟಿಕ ಜಾಲವೇ ರೂಪ ಬದಲಿಸುವುದರಿಂದ ಒತ್ತಡ ಬಿದ್ದು ಬಿರುಕು ಬಿಡುವ ಅಪಾಯವಿದೆ. ಸ್ಪಟರಿಂಗ್ (ನಿರ್ವಾತ ಕೋಣೆಯಲ್ಲಿ ಪರಮಾಣುಗಳನ್ನು ಸಿಡಿಸಿ ಗಾಜಿನ ಮೇಲೆ ಪದರ ಕೂರಿಸುವ ವಿಧಾನ) ಮಾಡುವಾಗ ಆ ಕೋಣೆಯ ಒತ್ತಡವೇ ಇದನ್ನು ಹೆಚ್ಚಾಗಿ ನಿರ್ಧರಿಸುತ್ತದೆ: 4 ಪ್ಯಾಸ್ಕಲಿನ ಆಸುಪಾಸಿನಲ್ಲಿ ಪದರ ಸಡಿಲ, 1 ಪ್ಯಾಸ್ಕಲಿಗಿಂತ ಕೆಳಗೆ ಬಿಗಿ. ಆಮ್ಲಜನಕ ಸಾಲದಿದ್ದರೆ ಪದರ ಹುಟ್ಟುವಾಗಲೇ ನೀಲಿ. ಸ್ಪಟರಿಂಗ್ ಆದ ಮೇಲೆ 250ರಿಂದ 300 ಡಿಗ್ರಿಯಲ್ಲಿ ಕಾಯಿಸಿದರೆ ಸೇರಿಕೊಂಡ ನೀರು ಹೊರಹೋಗಿ ಪದರ ಬಿಗಿಯಾಗುತ್ತದೆ. 350 ದಾಟಿದರೆ ಸ್ಫಟಿಕ ಕಟ್ಟುವ ಅಪಾಯ.

ಟೈಟಾನಿಯಂ ಬೆರೆಸುವುದು ಹಳೆಯ, ಪಳಗಿದ ಉಪಾಯ. ಲೋಹದ ಅಂಶದಲ್ಲಿ 10ರಿಂದ 15 ಶೇಕಡಾ ಟೈಟಾನಿಯಂ ಇದ್ದರೆ ಅಸ್ಫಟಿಕ ರಚನೆ ಸ್ಥಿರವಾಗಿ ನಿಂತು ಸೈಕಲ್ ಬಾಳಿಕೆ ಗಣನೀಯವಾಗಿ ಏರುತ್ತದೆ. ಅದಕ್ಕಿಂತ ಹೆಚ್ಚಿಸಿದರೆ ಬಣ್ಣದ ದಕ್ಷತೆ ಕುಸಿಯುತ್ತದೆ. ಅಷ್ಟೇ ಕಪ್ಪಿಗೆ ಹೆಚ್ಚು ವಿದ್ಯುದಂಶ ಸಾಗಿಸಬೇಕಾಗಿ ಬಂದು ಗಳಿಸಿದ್ದರಲ್ಲಿ ಒಂದಷ್ಟು ಕಳೆದುಹೋಗುತ್ತದೆ.

ಎಲ್ಲರೂ ಟಂಗ್‌ಸ್ಟನ್ ಬಗ್ಗೆಯೇ ಮಾತಾಡುತ್ತಾರೆ, ಆದರೆ ಜೋಡಿಯಲ್ಲಿ ಬಡಕಲು ನಿಕ್ಕಲ್ ಆಕ್ಸೈಡು. ಅದರ ಬಣ್ಣದಾಟ ಹೆಚ್ಚಾಗಿ ಕಣಗಳ ಮೇಲ್ಮೈಯಲ್ಲಿ ನಡೆಯುತ್ತದೆ. ಮೊದಲ ಕೆಲವು ಸೈಕಲುಗಳಲ್ಲೇ ಸಾಮರ್ಥ್ಯ ಇಳಿಯತೊಡಗುತ್ತದೆ, ಮುಂದೆಯೂ ನಿಲ್ಲದೆ ನಿಧಾನವಾಗಿ ಇಳಿಯುತ್ತಿರುತ್ತದೆ. ಟಂಗ್‌ಸ್ಟನ್ ಬೆರೆಸಿದರೆ ಪದರ ಅಸ್ಫಟಿಕವಾಗಿ, ತಿಳಿ ಸ್ಥಿತಿ ಇನ್ನಷ್ಟು ತಿಳಿಯಾಗುತ್ತದೆ. ಸ್ವಲ್ಪ ಇರಿಡಿಯಂ ಸೇರಿಸಿದರೆ ಬಾಳಿಕೆ ಗಮನಾರ್ಹವಾಗಿ ಸುಧಾರಿಸುವುದು ಪ್ರಯೋಗಗಳಲ್ಲಿ ಕಂಡಿದೆ, ಆದರೆ ಇರಿಡಿಯಂ ಎಷ್ಟು ಅಪರೂಪದ ಲೋಹ ಎಂಬುದು ಗೊತ್ತಿದ್ದವರು ಕಟ್ಟಡದ ಗಾಜಿಗೆ ಅದನ್ನು ಹಚ್ಚುವ ಮಾತಾಡುವುದಿಲ್ಲ. ಎಲೆಕ್ಟ್ರೋಲೈಟೂ ಸೇರಿ ಪೂರ್ತಿ ಘನಪದರದ ಗಾಜಿನಲ್ಲಿ ತಯಾರಕರು ಮಾಡುವ ಜಾಣತನವೆಂದರೆ, ಪದರಗಳನ್ನು ಜೋಡಿಸುವಾಗಲೇ ಲಿಥಿಯಂ ಲೋಹವನ್ನು ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಹಾಕುವುದು. ಮೊದಲ ಸೈಕಲುಗಳಲ್ಲಿ ಶಾಶ್ವತವಾಗಿ ಸಿಕ್ಕಿಕೊಳ್ಳುವ ಪಾಲು ಅಲ್ಲಿಗೇ ತೀರುತ್ತದೆ, ಓಡಾಡುವ ಪಾಲು ಉಳಿಯುತ್ತದೆ.

ಎಲೆಕ್ಟ್ರೋಲೈಟಿನ ಆಯ್ಕೆಯೂ ಸುಲಭವಲ್ಲ. ನಿಕ್ಕಲ್ ಆಕ್ಸೈಡಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಂಥ ಕ್ಷಾರ ಹಿಡಿಸುತ್ತದೆ, ಟಂಗ್‌ಸ್ಟನ್ ಆಕ್ಸೈಡ್ ಅದರಲ್ಲಿ ಕರಗಿಹೋಗುತ್ತದೆ. ಆಮ್ಲದಲ್ಲಿ ಟಂಗ್‌ಸ್ಟನ್ ತಕ್ಕಮಟ್ಟಿಗೆ ನಿಲ್ಲುತ್ತದೆ, ನಿಕ್ಕಲ್ ನಿಲ್ಲುವುದಿಲ್ಲ. ಇಬ್ಬರಿಗೂ ಒಗ್ಗುವುದು ನೀರಿಲ್ಲದ ಲಿಥಿಯಂ ಎಲೆಕ್ಟ್ರೋಲೈಟ್. ಪ್ರಯೋಗಾಲಯದಲ್ಲಿ ಪ್ರೊಪಿಲೀನ್ ಕಾರ್ಬೊನೇಟಿನಲ್ಲಿ ಕರಗಿಸಿದ 1 ಮೋಲಾರ್ ಲಿಥಿಯಂ ಪರ್‌ಕ್ಲೋರೇಟ್ ರೂಢಿ. 'ನೀರಿಲ್ಲದ' ಎಂಬುದೇ ಇಲ್ಲಿ ಪ್ರಾಣ. ತೇವ ಉಳಿದಿದ್ದರೆ ಅದು ವಿಭಜನೆಯಾಗಿ ಅನಿಲ ಹುಟ್ಟುತ್ತದೆ. ಎರಡು ಗಾಜಿನ ನಡುವೆ ಅಂಟಿಸಿದ ಲ್ಯಾಮಿನೇಟಿನಲ್ಲಿ ಅನಿಲಕ್ಕೆ ಹೋಗಲು ದಾರಿಯಿಲ್ಲ. ಸಾಸಿವೆಯಷ್ಟು ಗುಳ್ಳೆಯಾಗಿ ಕೂರುತ್ತದೆ, ಅದರ ಮೇಲಿನ ಗಾಜು ಬಣ್ಣ ಬದಲಿಸುವುದನ್ನೇ ನಿಲ್ಲಿಸುತ್ತದೆ.

ಯಾವ ಬಗೆ ಎಷ್ಟು ಬಾಳುತ್ತದೆ

ಒಂದೇ ಗಾಜಿನ ಮೇಲೆ ಐದೂ ಪದರಗಳನ್ನು ಸ್ಪಟರಿಂಗಿನಿಂದ ಹಾಕಿ, ಹೊರಗಾಜಿನ ಒಳಮುಖಕ್ಕೆ ಬರುವಂತೆ ಡಬಲ್ ಗ್ಲೇಜಿಂಗಿನಲ್ಲಿ (ನಡುವೆ ಅಂತರ ಬಿಟ್ಟು ಅಂಚು ಮುಚ್ಚಿದ ಜೋಡಿ ಗಾಜು) ಮುಚ್ಚಿದ ಬಗೆ ನಮ್ಮ ಮೊದಲ ಆಯ್ಕೆ. ಫ್ರಾನ್ಸಿನ ಸೇಂಟ್ ಗೋಬೇನ್ ಕಂಪನಿಯ ಸೇಜ್‌ಗ್ಲಾಸ್ ಈ ವರ್ಗದ್ದು. ತಿಳಿ ಸ್ಥಿತಿಯಲ್ಲಿ ಸುಮಾರು 60 ಶೇಕಡಾ ಬೆಳಕು, ಗಾಢ ಸ್ಥಿತಿಯಲ್ಲಿ ಸುಮಾರು 1 ಶೇಕಡಾ. ಇದರಲ್ಲಿ ಸಾವಯವ ವಸ್ತುವಿಲ್ಲ, ಆದ್ದರಿಂದ ನೇರಳಾತೀತ ಕಿರಣಕ್ಕೆ ಹಳದಿಯಾಗುವುದು ಇಲ್ಲ, ಗುಳ್ಳೆ ಇಲ್ಲ. ಇದರ ದೌರ್ಬಲ್ಯ ಬೇರೆ: ಪದರಗಳು ಎಷ್ಟು ತೆಳುವೆಂದರೆ ಗಾಜು ತೊಳೆಯುವಾಗ ಉಳಿದ ಒಂದು ಧೂಳಿನ ಕಣ ಸಾಕು, ಎರಡು ವಾಹಕಗಳ ನಡುವೆ ಶಾರ್ಟ್ ಆಗಲು. ಗಾಜು ಪೂರ್ತಿ ಕಪ್ಪಾದಾಗ ಅಲ್ಲಿ ಬೆಳಕಿನ ಚುಕ್ಕೆ, ಸುತ್ತ ಮಸುಕು ವೃತ್ತ ಕಾಣಿಸುತ್ತದೆ. ಒಳ್ಳೆಯ ತಯಾರಕರು ಇಂಥ ಚುಕ್ಕೆಯ ಸುತ್ತ ಲೇಸರಿನಿಂದ ಗೆರೆ ಕೊರೆದು ಅದನ್ನು ಬೇರ್ಪಡಿಸುತ್ತಾರೆ; ಆಗ ಕೂದಲೆಳೆಯಷ್ಟು ಬಿಂದು ಮಾತ್ರ ಉಳಿಯುತ್ತದೆ. ಮಸುಕು ವೃತ್ತ ಹಾಗೇ ಇರುವ ಗಾಜನ್ನು ತೆಗೆದುಕೊಳ್ಳಬೇಡಿ.

ಎರಡು ಗಾಜುಗಳಿಗೆ ಬೇರೆ ಬೇರೆ ಪದರ ಹಾಕಿ ನಡುವೆ ಪಾಲಿಮರ್ ಎಲೆಕ್ಟ್ರೋಲೈಟಿನಿಂದ ಅಂಟಿಸಿದ ಬಗೆ ಎರಡನೆಯ ಸ್ಥಾನದಲ್ಲಿದೆ. ಎಲೆಕ್ಟ್ರೋಲೈಟ್ ದಪ್ಪವಾಗಿರುವುದರಿಂದ ಧೂಳಿನ ಶಾರ್ಟ್ ಸಮಸ್ಯೆ ತೀರಾ ಕಡಿಮೆ, ಸೋರಿಕೆಯೂ ಕಡಿಮೆ, ಬಣ್ಣದ ನೆನಪು (ವಿದ್ಯುತ್ ಇಲ್ಲದೆಯೂ ಬಣ್ಣ ಉಳಿಯುವುದು) ಗಂಟೆಗಟ್ಟಲೆ. ಹೊರಗಾಜಿನ ಕಡೆ ನೇರಳಾತೀತ ಕಿರಣ ಸೋಸುವ ಪಿವಿಬಿ (ಗಾಜುಗಳನ್ನು ಅಂಟಿಸುವ ಪ್ಲಾಸ್ಟಿಕ್) ಪದರವಿದ್ದು, ಅಂಚಿಗೆ ತೇವ ತಡೆಯುವ ಬ್ಯೂಟೈಲ್ ರಬ್ಬರಿನ ಮುದ್ರೆ (ಸೀಲ್) ಇದ್ದರೆ ಧೈರ್ಯವಾಗಿ ಪರಿಗಣಿಸಬಹುದು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಬಿಸಿಲಿನ ಮುಖಕ್ಕೆ ಹಾಕಬೇಡಿ.

ವಯೊಲೊಜೆನ್ ಎಂಬ ಸಾವಯವ ಬಣ್ಣದ ದ್ರವ ಅಥವಾ ಜೆಲ್ ಇರುವ ಬಗೆ ಕಾರಿನ ಹಿನ್ನೋಟದ ಕನ್ನಡಿಗಳಲ್ಲಿ ಬಹುಕಾಲದಿಂದ ಚೆನ್ನಾಗಿ ಕೆಲಸ ಮಾಡುತ್ತಿದೆ. ಆದರೆ ಕನ್ನಡಿ ಅಂಗೈಯಗಲದ್ದು, ಕೆಟ್ಟರೆ ಬದಲಿಸಬಹುದು, ಗಾಢವಾಗಿ ಇರುವುದೂ ರಾತ್ರಿಯ ಹೊತ್ತು ಕೆಲವೇ ಕ್ಷಣ. ದಿನವಿಡೀ ಬಿಸಿಲಿನಲ್ಲಿ ಕಪ್ಪಾಗಿ ನಿಲ್ಲಬೇಕಾದ ಕಟ್ಟಡದ ಕಿಟಕಿಗೆ ಅದನ್ನು ಶಿಫಾರಸು ಮಾಡುವುದಿಲ್ಲ.

ಅಂಚು, ತಂತಿ, ಚೌಕಟ್ಟು

ಪದರ ಎಷ್ಟೇ ಚೆನ್ನಾಗಿರಲಿ, ಡಬಲ್ ಗ್ಲೇಜಿಂಗಿನ ಮುದ್ರೆ ಸೋತರೆ ಗಾಜು ಇಡಿಯಾಗಿ ಹೋದಂತೆಯೇ. ಎಲೆಕ್ಟ್ರೋಕ್ರೋಮಿಕ್ ಘಟಕದಲ್ಲಿ ಸಾಮಾನ್ಯ ಗಾಜಿಗಿಲ್ಲದ ಒಂದು ತೂತು ಇದೆ: ಬಸ್‌ಬಾರಿನ ತಂತಿ ಮುದ್ರೆಯನ್ನು ದಾಟಿ ಹೊರಬರುವ ಜಾಗ. ಅಲ್ಲಿ ಬ್ಯೂಟೈಲ್ ತಂತಿಯ ಸುತ್ತಲೂ ಪೂರ್ತಿ ಹಿಡಿದಿದೆಯೇ ನೋಡಿ. ಅಂಚಿನಲ್ಲಿ ಪದರವನ್ನು ಲೇಸರಿನಿಂದಲೋ ಉಜ್ಜಿಯೋ ತೆಗೆದು ಬರಿಗಾಜಿನ ಮೇಲೆ ಮುದ್ರೆ ಕೂರಿಸಿರಬೇಕು. ಪದರದ ಮೇಲೆಯೇ ಕೂರಿಸಿದರೆ ಆ ಪದರದ ಮೂಲಕವೇ ತೇವ ಒಳಗೆ ಹರಿದಾಡುತ್ತದೆ.

ಕಪ್ಪಾದ ಹೊರಗಾಜು ಬಿಸಿಲನ್ನು ಹೀರಿಕೊಂಡು 60 ಡಿಗ್ರಿ ದಾಟುವುದು ಅಪರೂಪವಲ್ಲ. ಚೌಕಟ್ಟಿನೊಳಗಿನ ಅಂಚು ತಣ್ಣಗೆ, ಮಧ್ಯ ಬಿಸಿ. ಹದ ಮಾಡದ ಸಾದಾ ಗಾಜು ಸುಮಾರು 40 ಡಿಗ್ರಿ ವ್ಯತ್ಯಾಸಕ್ಕೇ ಸೀಳಬಹುದು, ಟೆಂಪರ್ಡ್ ಗಾಜು 200ರವರೆಗೂ ತಾಳುತ್ತದೆ. ಹಾಗಾಗಿ ಹೊರಗಾಜು ಟೆಂಪರ್ಡ್ ಅಥವಾ ಹೀಟ್ ಸ್ಟ್ರೆಂಥನ್ಡ್ (ಎರಡೂ ಕಾಯಿಸಿ ಗಟ್ಟಿ ಮಾಡಿದ ಗಾಜು) ಎಂದು ಬರಹದಲ್ಲಿ ಇರಲಿ. ಚೌಕಟ್ಟಿನ ತಳದಲ್ಲಿ ನೀರು ಹೋಗುವ ಕಿಂಡಿಗಳು ಮುಚ್ಚಿರಬಾರದು. ತಂತಿಯ ಕನೆಕ್ಟರು ನಿಂತ ನೀರಿನಲ್ಲಿ ಕೂತರೆ ತಾಮ್ರ ಹಸಿರಾಗಿ, ರೋಧ ಏರಿ, ಡ್ರೈವರ್ ತಪ್ಪು ಲೆಕ್ಕ ಹಾಕತೊಡಗುತ್ತದೆ.

ಡ್ರೈವರ್ ಬಗ್ಗೆ ಕೇಳಬೇಕಾದ್ದು ಇಷ್ಟೇ: ಗಾಜಿನ ತಾಪಮಾನ ನೋಡಿ ವೋಲ್ಟೇಜ್ ಇಳಿಸುತ್ತದೆಯೇ? ಸಾಗಿಸಿದ ವಿದ್ಯುದಂಶವನ್ನು ಎಣಿಸಿ ಮಿತಿಯಲ್ಲಿ ನಿಲ್ಲಿಸುತ್ತದೆಯೇ? ಬಿಸಿಗಾಜಿನಲ್ಲಿ ಅಯಾನು ವೇಗವಾಗಿ ಓಡುತ್ತದೆ, ಅಡ್ಡ ಪ್ರತಿಕ್ರಿಯೆಗಳೂ ವೇಗವಾಗುತ್ತವೆ. ಚಳಿಯ ಬೆಳಗಿಗೆ ಹೊಂದಿಸಿದ ವೋಲ್ಟೇಜನ್ನೇ ಸುಡುವ ಮಧ್ಯಾಹ್ನಕ್ಕೂ ಕೊಡುವ ಡ್ರೈವರ್ ಅಗ್ಗದ್ದಾದರೂ ದುಬಾರಿ.

ಮಾದರಿ ಗಾಜು ಕೈಗೆ ಬಂದಾಗ

50,000 ಸೈಕಲ್ ಎಂಬ ಅಂಕಿ ಎಲ್ಲರ ಡೇಟಾಶೀಟಿನಲ್ಲೂ ಇರುತ್ತದೆ. 30 ವರ್ಷಕ್ಕೆ ಹಂಚಿದರೆ ದಿನಕ್ಕೆ ನಾಲ್ಕೂವರೆ ಸಲ, ಸಾಕಷ್ಟಾಯಿತು. ಆದರೆ ಅದು ಎಎಸ್‌ಟಿಎಂ ಇ 2141 ಅಥವಾ ಐಎಸ್‌ಒ 18543 ಎಂಬ ಬಾಳಿಕೆ ಪರೀಕ್ಷೆಯ ಮಾನದಂಡಗಳ ಪ್ರಕಾರ, ಸೂರ್ಯನ ಬೆಳಕಿಗೆ ಸಮನಾದ ದೀಪದ ಕೆಳಗೆ, ಗಾಜು ಬಿಸಿಯಾಗಿರುವಾಗ, ಪೂರ್ಣ ಗಾತ್ರದ ಘಟಕಕ್ಕೆ ಸಮೀಪದ ಮಾದರಿಯ ಮೇಲೆ ಮಾಡಿದ್ದೇ? ಅಂಗೈಯಗಲದ ತುಂಡನ್ನು ಕೋಣೆಯ ತಾಪಮಾನದಲ್ಲಿ ಕತ್ತಲಲ್ಲಿ ತಿರುಗಿಸಿ ಎಣಿಸಿದ 50,000ಕ್ಕೆ ಬೆಲೆ ಕಡಿಮೆ, ಯಾಕೆಂದರೆ ಅಂಗೈಯಗಲದ ತುಂಡಿನಲ್ಲಿ ಅಂಚಿನ ವೋಲ್ಟೇಜ್ ಸಮಸ್ಯೆಯೇ ಇರುವುದಿಲ್ಲ.

ನೀವೇ ಮಾಡಬಹುದಾದ ಪರೀಕ್ಷೆ ಕಷ್ಟದ್ದಲ್ಲ. ಗಾಜಿನ ಒಂದು ಕಡೆ ಸ್ಥಿರ ಎಲ್‌ಇಡಿ ಪ್ಯಾನೆಲ್, ಇನ್ನೊಂದು ಕಡೆ ಗಾಜಿಗೆ ತಾಗಿಸಿ ಲಕ್ಸ್ ಮೀಟರ್. ನಟ್ಟನಡುವೆ, ಎರಡೂ ಬಸ್‌ಬಾರುಗಳಿಂದ 5 ಸೆಂ.ಮೀ. ದೂರದಲ್ಲಿ, ಎರಡು ಎದುರು ಮೂಲೆಗಳಲ್ಲಿ, ಹೀಗೆ ಐದು ಕಡೆ ತಿಳಿ ಮತ್ತು ಗಾಢ ಸ್ಥಿತಿ ಎರಡರಲ್ಲೂ ಬರೆದಿಡಿ. ಗಾಢ ಸ್ಥಿತಿಯನ್ನು ಕತ್ತಲ ಕೋಣೆಯಲ್ಲೂ ಒಮ್ಮೆ ಬರಿಗಣ್ಣಿನಿಂದ ನೋಡಿ, ಚುಕ್ಕೆಗಳು ಅಡಗಲಾರವು. ಆಮೇಲೆ ಪೂರ್ತಿ ಕಪ್ಪಾಗಿಸಿ ತಂತಿ ಕಳಚಿಬಿಡಿ. ಚದರ ಸೆಂ.ಮೀ.ಗೆ 1 ಮೈಕ್ರೋಆಂಪಿಯರ್ ಒಳಸೋರಿಕೆ ಇದ್ದರೆ ಮೇಲಿನ ಲೆಕ್ಕದ 12.5 ಮಿಲಿಕೂಲಂಬ್ ಮೂರೂವರೆ ಗಂಟೆಯಲ್ಲಿ ಬರಿದಾಗುತ್ತದೆ. ಒಂದು ಗಂಟೆಯಲ್ಲೇ ಬಹುಪಾಲು ತಿಳಿಯಾದರೆ ಒಳಗೆ ಶಾರ್ಟುಗಳಿವೆ. ತಂತಿ ಜೋಡಿಸಿಯೇ ಇಟ್ಟು, ಗಾಢ ಸ್ಥಿತಿಯಲ್ಲಿ ಹರಿಯುವ ಪ್ರವಾಹ ಎಷ್ಟಕ್ಕೆ ಬಂದು ನಿಲ್ಲುತ್ತದೆ ಎಂಬುದನ್ನೂ ಗುರುತು ಹಾಕಿ. ವರ್ಷಕ್ಕೊಮ್ಮೆ, ಗಾಜು ಇದೇ ತಾಪಮಾನದಲ್ಲಿರುವಾಗ ಅಳೆದರೆ, ಆ ಅಂಕಿ ಏರುತ್ತಿರುವುದು ಕಣ್ಣಿಗೆ ಕಾಣುವ ಹಾನಿಗಿಂತ ಮೊದಲೇ ತಿಳಿಯುತ್ತದೆ.

ಬಣ್ಣದ ಛಾಯೆಯೂ ಮಾತಾಡುತ್ತದೆ. ತಿಳಿ ಸ್ಥಿತಿಯಲ್ಲಿ ಕಂದು-ಹಳದಿ ಉಳಿದರೆ ಮೊದಲು ನಿಕ್ಕಲ್ ಪದರವನ್ನು, ಲ್ಯಾಮಿನೇಟ್ ಆಗಿದ್ದರೆ ಪಾಲಿಮರನ್ನೂ ಶಂಕಿಸಿ. ನೀಲಿ ಉಳಿದರೆ ಟಂಗ್‌ಸ್ಟನ್ನಿನಲ್ಲಿ ಲಿಥಿಯಂ ಸಿಕ್ಕಿಕೊಂಡಿದೆ.

ವಾರಂಟಿಯಲ್ಲಿ ಗಾಜಿನ ಮುದ್ರೆ, ಬಣ್ಣ ಬದಲಿಸುವ ಪದರ, ಡ್ರೈವರ್ ಈ ಮೂರಕ್ಕೂ ಬೇರೆ ಬೇರೆ ಅವಧಿ ಇರುವುದು ಸಾಮಾನ್ಯ. ಕಡಿಮೆ ಇರುವುದನ್ನೇ ನಿಜವಾದ ಅವಧಿ ಎಂದುಕೊಳ್ಳಿ. 'ಕೆಲಸ ಮಾಡುತ್ತದೆ' ಎಂಬುದರ ಬದಲು ಗಾಢ ಮತ್ತು ತಿಳಿ ಸ್ಥಿತಿಯ ಪಾರಗಮನ ಎಷ್ಟರೊಳಗೆ ಉಳಿಯಬೇಕು ಎಂಬ ಅಂಕಿ ಅದರಲ್ಲಿರಲಿ. ಒಂದೇ ಮುಖದಲ್ಲಿ ಹತ್ತಾರು ಗಾಜು ಹಾಕುವವರು ಅದೇ ಬ್ಯಾಚಿನ ಒಂದೆರಡನ್ನು ಹೆಚ್ಚಿಗೆ ತರಿಸಿಕೊಂಡು, ಅವನ್ನೂ ಡ್ರೈವರಿಗೆ ಜೋಡಿಸಿ ಎಲ್ಲದರ ಜೊತೆಗೇ ಸೈಕಲ್ ಮಾಡಿಸುತ್ತಿರುವುದು ಒಳ್ಳೆಯದು. ಹಲವು ವರ್ಷ ಸವೆದ ಸಾಲಿನ ನಡುವೆ ಹೊಸ ಗಾಜು ಕೂರಿಸಿದರೆ ತಿಳಿ ಸ್ಥಿತಿಯಲ್ಲಿ ಯಾರಿಗೂ ಗೊತ್ತಾಗದಿರಬಹುದು. ಅರ್ಧ ಕಪ್ಪಿನ ನಡುಹಂತಗಳಲ್ಲಿ ಮಾತ್ರ ಅದೊಂದೇ ಬೇರೆ ಬಣ್ಣದ್ದಾಗಿ ಎದ್ದು ಕಾಣುತ್ತದೆ, ಡ್ರೈವರಿನ ಸೆಟ್ಟಿಂಗ್ ತಿರುಗಿಸಿ ಅದನ್ನು ಪೂರ್ತಿ ಸರಿಪಡಿಸಲು ಬರುವುದಿಲ್ಲ.